ಗಾಜು ಒಡೆಯಿತೇ? ವಿಶ್ಲೇಷಿಸಿ

ಪ್ರಶ್ನೆ ಸೋಮವಾರ ಬಂತು. ಹಳದಿ ಕಾಗದ, ಒಂದೇ ಸಾಲು. 'ಗಾಜಿನ ಹಗಲು' ಕಾದಂಬರಿಯಲ್ಲಿ ಗಾಜು ಒಡೆಯಿತೇ? ಸಕಾರಣವಾಗಿ ವಿಶ್ಲೇಷಿಸಿ. ಹನ್ನೆರಡು ಪುಟ ಮೀರದಂತೆ ಬರೆದು ಶನಿವಾರ ಮಧ್ಯಾಹ್ನದೊಳಗೆ ಮೇಲಿನ ಶಾಲೆಗೆ ತಲುಪಿಸಬೇಕೆಂದು ಸಣ್ಣಕ್ಷರದಲ್ಲಿತ್ತು, ಅದರ ಕೆಳಗೆ ಜಿನದತ್ತ ಮೇಷ್ಟ್ರ ರುಜು. ನಮ್ಮೂರಲ್ಲಿ ಮಕ್ಕಳು ಮೇಲಿನ ಶಾಲೆಗೆ ಸೇರಬೇಕಾದರೆ ಮಕ್ಕಳೇನೂ ಬರೆಯಬೇಕಿಲ್ಲ, ಹೆತ್ತವರು ಬರೆಯಬೇಕು. ಯಾಕೆ ಎಂದು ಕೇಳಿದವರನ್ನು ನಾನು ನೋಡಿಲ್ಲ. ಕಾಗದವನ್ನು ಎರಡು ಸಲ ಓದಿದೆ, ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ, ಮತ್ತೆ ತೆಗೆದು ಮೂರನೇ ಸಲ ಓದಿದೆ. ಪ್ರಶ್ನೆಯ ಕಾಗದವನ್ನು ಎಷ್ಟು ಸಲ ಬೇಕಾದರೂ ಓದಬಹುದು. ಕಾದಂಬರಿ ಹಾಗಲ್ಲ.

ಕಾದಂಬರಿಯ ಒಂದು ಪುಟವನ್ನು ಒಬ್ಬರು ಒಂದೇ ಸಲ ಓದಬಹುದು. ಓದಿ ತಿರುವಿದ ಪುಟ ಅವರ ಪಾಲಿಗೆ ಖಾಲಿ. ಮಗ್ಗುಲಲ್ಲಿ ಕೂತವರು ಅದನ್ನು ಇನ್ನೂ ಓದಿರದಿದ್ದರೆ ಅವರಿಗೆ ಅಕ್ಷರವೆಲ್ಲ ಇದ್ದ ಹಾಗೇ ಕಾಣುತ್ತದೆ. ಅವರಿಂದ ಗಟ್ಟಿಯಾಗಿ ಓದಿಸಿಕೊಂಡರೂ ಪ್ರಯೋಜನವಿಲ್ಲ. ತುಟಿ ಅಲ್ಲಾಡುವುದು ಕಾಣುತ್ತದೆ, ಸದ್ದು ಕಿವಿಗೆ ಬೀಳುವುದಿಲ್ಲ. ಓದಿದವರು ತಮ್ಮ ಮಾತಿನಲ್ಲಿ ಕಥೆ ಹೇಳಿದರೆ ಮಾತ್ರ ಕೇಳುತ್ತದೆ. ಹೀಗಾಗಿ ಪ್ರತಿ ಮನೆಯಲ್ಲೂ ಪುಸ್ತಕದ ಜೊತೆ ಒಂದು ಮುಸುಕುಬಟ್ಟೆ ಇರುತ್ತದೆ. ಎಡಪುಟ ಓದುವಾಗ ಕಣ್ಣು ಜಾರಿ ಬಲಪುಟ ಹಾಳಾಗದಿರಲೆಂದು ಅದನ್ನು ಹೊದಿಸುತ್ತಾರೆ. ಗಂಡ ಹೆಂಡತಿ ಪುಟಗಳನ್ನು ಹಂಚಿಕೊಂಡು, ಅವನ ಪಾಲಿನದನ್ನು ಅವನು ಓದಿ ಅವಳಿಗೆ ಹೇಳುವುದು, ಅವಳದನ್ನು ಅವಳು ಓದಿ ಅವನಿಗೆ ಹೇಳುವುದು, ಹೀಗೆ ಪುಸ್ತಕವನ್ನು ಮುಪ್ಪಿನವರೆಗೂ ಎಳೆಯುತ್ತಾರೆ. ಬರೆದವರ ಹೆಸರು ಮಾತ್ರ ಊರಲ್ಲಿ ಯಾರಿಗೂ ನೆನಪಿಲ್ಲ. ಅದು ಮೊದಲನೇ ಪುಟದಲ್ಲಿದೆ, ಪುಸ್ತಕ ಕೈಗೆ ಬಂದ ಖುಷಿಯಲ್ಲಿ ಎಲ್ಲರೂ ಅದನ್ನು ಗಮನವಿಲ್ಲದೆ ಓದಿ ಕಳೆದಿರುತ್ತಾರೆ.

ಗಮನವಿಲ್ಲದೆ ಓದಿ ಕಳೆಯುವುದಕ್ಕೆ ನಮ್ಮಲ್ಲಿ ಕಣ್ಣೋದು ಎನ್ನುತ್ತಾರೆ. ಕಣ್ಣು ಓದಿತು, ಆಸಾಮಿ ಓದಲಿಲ್ಲ. ಚಿಕ್ಕ ಹುಡುಗರಿಗೆ ಆದರೆ ನಗುತ್ತಾರೆ, ದೊಡ್ಡವರಿಗೆ ಆದರೆ ಮಾತು ಬದಲಾಯಿಸುತ್ತಾರೆ. ನನಗೆ ಆಗಿತ್ತು, ಅದೂ ಒಂದೆರಡಲ್ಲ, ನೂರ ಎಂಬತ್ತೆಂಟರಿಂದ ಇನ್ನೂರ ಇಪ್ಪತ್ತಾರರವರೆಗೆ ಮೂವತ್ತೊಂಬತ್ತು ಪುಟ. ನಾನು ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಾಜಾ ಕೆಲಸದವಳು. ಅಂಗಿಗೆ ಏಳು ಗುಂಡಿ, ಆ ಗುಂಡಿಗಳನ್ನು ತೂರಿಸಲು ಏಳು ಕಾಜಾ. ಶಾಲೆ ಶುರುವಾಗುವ ತಿಂಗಳಲ್ಲಿ ಕೆಲಸವನ್ನು ಮನೆಗೂ ತರುತ್ತೇನೆ. ಐದು ವರ್ಷದ ಹಿಂದೆ ಅಂಥದ್ದೇ ಒಂದು ತಿಂಗಳಲ್ಲಿ, ಪುಸ್ತಕವನ್ನು ಮಿಷನ್ನಿಗೆ ಒರಗಿಸಿಕೊಂಡು, ಒಂದು ಅಂಗಿ ಮುಗಿದರೆ ಒಂದು ಪುಟ ಎಂದು ಲೆಕ್ಕ ಇಟ್ಟುಕೊಂಡಿದ್ದೆ. ಒಳಗೆ ಮಗಳು ಕುಮುದಾ ಜ್ವರದಲ್ಲಿ ಮಲಗಿದ್ದಳು. ಕಿವಿ ಅವಳ ಕೆಮ್ಮಿನ ಮೇಲೆ, ಕೈ ಕಾಜಾದ ಮೇಲೆ, ಕಣ್ಣು ಪುಸ್ತಕದ ಮೇಲೆ. ಅವಳ ಮೈ ಬೆವರಿ ಜ್ವರ ಇಳಿದ ಹೊತ್ತಿಗೆ ನಾನು ಇನ್ನೂರ ಇಪ್ಪತ್ತೇಳನೇ ಪುಟದಲ್ಲಿದ್ದೆ, ಹೇಗೆ ಅಲ್ಲಿಗೆ ಬಂದೆ ಎಂಬುದು ಒಂದು ಚೂರೂ ಗೊತ್ತಿರಲಿಲ್ಲ. ಹಿಂದೆ ತಿರುವಿ ನೋಡಿದೆ. ಹೊಸ ಅಂಗಿಯ ಬೆನ್ನಿನ ಹಾಗೆ ಬಿಳಿ.

ಕುಮುದಾಳ ಅಪ್ಪ ಇದ್ದಿದ್ದರೆ ಅವರು ಓದಿ ಹೇಳುತ್ತಿದ್ದರು. ಅವಳಿಗೆ ನಾಲ್ಕು ತುಂಬುವ ಮೊದಲೇ ಅವರು ಹೋದರು, ಆಗಿನ್ನೂ ಮೂವತ್ತನೇ ಪುಟದಲ್ಲಿದ್ದರು. ಮೇಲಿನ ಶಾಲೆಗೆ ಸೇರಿದ ಮೇಲಷ್ಟೇ ಮಕ್ಕಳಿಗೆ ಪುಸ್ತಕ ಕೊಡುವುದರಿಂದ ಕುಮುದಾ ಅದನ್ನು ಮುಟ್ಟುವಂತಿರಲಿಲ್ಲ. ಪ್ರಬಂಧ ವಾಪಸ್ಸು ಬಂದರೆ ಮುಟ್ಟುವ ದಿನವೂ ಬರುವುದಿಲ್ಲ. ಕಾರ್ಖಾನೆಯಲ್ಲಿ ನನ್ನ ಪಕ್ಕದ ಮಿಷನ್ ಆರು ತಿಂಗಳಿಂದ ಖಾಲಿ ಬಿದ್ದಿದೆ, ನಿಮ್ಮ ಹುಡುಗಿಗೆ ಹದಿನಾರಾಯಿತಲ್ಲ ಎಂದು ಮಾಲೀಕರು ಎರಡು ಸಲ ಕೇಳಿದ್ದರು. ಕಳೆದ ವರ್ಷ ಇಬ್ಬರ ಪ್ರಬಂಧ ವಾಪಸ್ಸು ಬಂದಿತ್ತು. ಒಡೆಯಿತು ಎಂದು ಬರೆದದ್ದಕ್ಕೋ ಇಲ್ಲವೆಂದು ಬರೆದದ್ದಕ್ಕೋ ಅವರೂ ಹೇಳಲಿಲ್ಲ, ಶಾಲೆಯವರೂ ಹೇಳಲಿಲ್ಲ.

ನನಗೆ ಗೊತ್ತಿದ್ದ ಕಥೆ ಇಷ್ಟು. ಒಬ್ಬ ಮನುಷ್ಯ, ಹೆಸರಿಲ್ಲ, ಪೇಟೆಯಿಂದ ಒಂದು ಕಿಟಕಿ ಗಾಜು ಎತ್ತಿಕೊಂಡು ಹೊರಡುತ್ತಾನೆ. ಊರಾಚೆಯ ಒಂದು ಮನೆಗೆ ಮುಟ್ಟಿಸಬೇಕು. ನೂರ ಎಂಬತ್ತೇಳು ಪುಟ ಅವನು ನಡೆಯುತ್ತಲೇ ಇರುತ್ತಾನೆ, ಗಾಜಿನಾಚೆ ಕಂಡದ್ದನ್ನೂ ಗಾಜಿನಲ್ಲಿ ಕಂಡ ತನ್ನ ಮುಖವನ್ನೂ ಕಲಸಿ ಯೋಚಿಸುತ್ತಾನೆ. ನವ್ಯ ಕಾದಂಬರಿ, ಅದರಲ್ಲಿ ಹಾಗೇ. ನೂರ ಎಂಬತ್ತೇಳರ ಕೊನೆಯಲ್ಲಿ ಚಪ್ಪಲಿಯ ಉಂಗುಷ್ಠ ಕಿತ್ತುಹೋಗುತ್ತದೆ. ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ನೀಲವ್ವ ಎಂಬ ಹೆಂಗಸಿನ ಕೈಗೆ, ಒಂದು ಗಳಿಗೆ ಹಿಡಿದುಕೊ ತಾಯಿ ಎಂದು ಗಾಜು ಕೊಟ್ಟು ಬಗ್ಗುತ್ತಾನೆ. ಆಮೇಲೆ ನನ್ನ ಮೂವತ್ತೊಂಬತ್ತು ಪುಟ. ಇನ್ನೂರ ಇಪ್ಪತ್ತೇಳರಲ್ಲಿ ಆ ಮನೆಯ ಬಾಗಿಲಲ್ಲಿ ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದಾನೆ, ಮನೆಯಾಕೆ ಒಳಗೆ ಬಾ ಎನ್ನುತ್ತಾಳೆ. ಅಲ್ಲಿಂದ ಕೊನೆಯವರೆಗೆ ಗಾಜು ಎಂಬ ಮಾತೇ ಇಲ್ಲ.

ಮಂಗಳವಾರ ಊಟದ ಹೊತ್ತಿನಲ್ಲಿ ಕಾರ್ಖಾನೆಯಲ್ಲಿ ಕೇಳಿದೆ. ನನ್ನ ಎದುರಿನ ಮಿಷನ್ನಿನ ಸಾರಾಬಿ, ಒಡೆಯಿತು, ನೀಲವ್ವನ ಒದ್ದೆ ಕೈಯಿಂದಲೇ ಜಾರಿತು, ನಾನು ಓದುವಾಗ ಅತ್ತಿದ್ದೆ ಎಂದಳು. ಇಸ್ತ್ರಿ ಮಾಡುವ ಕೆಂಚಪ್ಪ, ಬಾವಿಕಟ್ಟೆಯಲ್ಲಿ ಹೋತ ಬಂದು ಗಾಜಿಗೆ ಹಾಯ್ದದ್ದು ನಿನಗೆ ನೆನಪೇ ಇಲ್ಲವಲ್ಲ ಎಂದು ಸಾರಾಬಿಗೇ ತಿರುಗಿಬಿದ್ದ. ಹೋತ ಹಾಯ್ದದ್ದು ಬಿಂದಿಗೆಗೆ ಎಂದು ಇನ್ನೊಬ್ಬರು. ಎಲ್ಲರೂ ಅದೇ ಪುಟಗಳನ್ನು ಓದಿದವರು, ಯಾರಿಗೂ ತೆರೆದು ತೋರಿಸಲು ಬರುವಂತಿಲ್ಲ. ಅರ್ಧ ಗಂಟೆ ಜಗಳವಾಡಿ, ಕೊನೆಗೆ ಒಬ್ಬರ ಮಾತು ಇನ್ನೊಬ್ಬರಿಗೆ ಅಂಟಿ, ಹೋತ ಬಂದದ್ದೂ ನಿಜ ಕೈ ಜಾರಿದ್ದೂ ನಿಜ ಎಂದು ಇಬ್ಬರೂ ಒಪ್ಪಿಕೊಂಡು ಎದ್ದರು.

ಆ ಪುಟಗಳನ್ನು ಓದದೆ ಉಳಿಸಿಕೊಂಡವರು ನಮ್ಮ ಬೀದಿಯಲ್ಲಿ ಒಬ್ಬರೇ, ಮೂಲೆ ಮನೆಯ ತುಂಗಕ್ಕ. ಎಪ್ಪತ್ತು ದಾಟಿದವರು, ಈಗಲೂ ಮಂಚಗಳಿಗೆ ನವಾರು ಬಿಗಿದು ಬದುಕುತ್ತಾರೆ. ಬುಧವಾರ ಅರ್ಧ ದಿನ ರಜೆ ಹಾಕಿ ಹೋದೆ. ಬೆಂಚಿನ ಮೇಲೆ ಕೂತು ಕಾಲು ಇಳಿಬಿಟ್ಟು ನವಾರಿನ ಉಂಡೆ ಬಿಚ್ಚುತ್ತಿದ್ದರು. ಕೈ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡರು. ಆಮೇಲೆ ಹೇಳಿದ್ದು ಇಷ್ಟು. ನೂರ ಎಂಬತ್ತೆಂಟರಿಂದ ನೂರು ಪುಟ ತೀರಿಹೋದ ಅವರ ಯಜಮಾನರ ಪಾಲು. ಅವರು ಓದಿ, ಇದೇ ಬೆಂಚಿನ ಮೇಲೆ ಕೂತು ಹೆಂಡತಿಗೆ ಹೇಳಿದ್ದರು. ನೀಲವ್ವ ಗಾಜನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಅದರೊಳಗಿಂದ ನೋಡುತ್ತಾಳೆ. ಅವಳಿಗೆ ಬೀದಿಯ ಬದಲು ತವರುಮನೆಯ ಹೊಸಿಲು ಕಾಣುತ್ತದೆ, ಹೊಸಿಲ ಮೇಲೆ ಯಾರೋ ಇಟ್ಟು ಮರೆತ ಒಂದು ಚೊಂಬು. ನೋಡಿ, ಗಾಜನ್ನು ವಾಪಸ್ಸು ಕೊಡುತ್ತಾಳೆ. ಅವಳ ಒದ್ದೆ ಬೆರಳಿನ ಗುರುತು ಅದರ ಮೇಲೆ ಉಳಿಯುತ್ತದೆ. ಅಷ್ಟೇ. ಯಜಮಾನರು ಪ್ರತಿ ಸಲ ಹೇಳುವಾಗಲೂ ಏನಾದರೊಂದು ಸೇರುತ್ತಿತ್ತಂತೆ, ಒಮ್ಮೆ ಬೆರಳಲ್ಲಿ ಅರಿಶಿನ, ಒಮ್ಮೆ ಚೊಂಬಿನಲ್ಲಿ ನೀರು.

"ಅವ್ರು ಹೇಳ್ದಂಗೆ ಬರ್ಕೊ ಹೋಗು, ದಾಕ್ಷಿ. ಒಡೀಲಿಲ್ಲ," ಎಂದರು.

ಸಾರಾಬಿ ಒಡೆಯಿತು ಅಂದಳಲ್ಲ ಎಂದೆ. ಸಾರಾಬಿಗೆ ಲೋಟ ಕೆಳಗೆ ಬಿದ್ದರೂ ಮೂರು ದಿನ ಸುದ್ದಿ, ಅವಳ ಮಾತು ಕಟ್ಟಿಕೊಂಡು ಏನು ಮಾಡುತ್ತೀಯ ಎಂದು ನಕ್ಕರು. ನಾನು ನಗಲಿಲ್ಲ. ಕುಮುದಾಳ ವಿಷಯ ಇನ್ನೊಮ್ಮೆ ಹೇಳಿದೆ, ಖಾಲಿ ಮಿಷನ್ನಿನ ವಿಷಯ ಹೇಳಿದೆ. ಕೇಳಬಾರದ್ದನ್ನು ಕೇಳುವ ಮೊದಲು ಮನುಷ್ಯರು ಹೀಗೇ ಸುತ್ತುತ್ತಾರೆ. ಕೊನೆಗೆ ಕೇಳಿಯೇಬಿಟ್ಟೆ.

"ಅಕ್ಕ, ಒಂದ್ಸಲ ನೀವೇ ಓದಿ ಹೇಳ್ತೀರಾ?"

ತುಂಗಕ್ಕನ ಕೈ ನಿಂತಿತು. "ಅವ್ರು ಸುಳ್ಳು ಹೇಳಿರ್ತಾರೆ ಅಂತೀಯಾ?"

"ಅಯ್ಯೋ ಇಲ್ಲಕ್ಕ."

"ಅಂತೀಯ ಬಿಡು. ಅನ್ನದೇ ಇದ್ರೆ ಕೇಳ್ತಿರ್ಲಿಲ್ಲ."

ನನಗೆ ಎದ್ದು ಹೋಗಬೇಕೆನಿಸಿತು. ಹೋಗಲಿಲ್ಲ. ಅವರು ಒಳಗೆ ಹೋಗಿ ಪುಸ್ತಕ ತಂದರು. ಅದಕ್ಕೆ ಹೊದಿಸಿದ್ದ ಮುಸುಕುಬಟ್ಟೆ ಯಜಮಾನರ ಹಳೇ ಪಂಚೆಯ ತುಂಡು, ಅಂಚನ್ನು ನಾನೇ ಎಂದೋ ಮಡಿಸಿ ಹೊಲಿದುಕೊಟ್ಟಿದ್ದೆ. ನಮ್ಮ ಮನೆಯವರ ಮಾತನ್ನು ಪರೀಕ್ಷೆಗೆ ಒಡ್ಡಬೇಕಾದ್ದೇನಿಲ್ಲ, ಆದರೂ ಒಡ್ಡಿ ನೋಡೋಣ ಎಂದರು. ಕನ್ನಡಕ ಒರೆಸಿ ಹಾಕಿಕೊಂಡು, ನೂರ ಎಂಬತ್ತೆಂಟನೇ ಪುಟ ತೆಗೆದು, ತುಟಿ ಅಲ್ಲಾಡಿಸುತ್ತ ಓದತೊಡಗಿದರು. ನನಗೆ ಸದ್ದು ಬರಲಿಲ್ಲ. ನಾನು ಎದುರಿಗೆ ಚಾಪೆಯ ಮೇಲೆ ಕೂತು ಅವರನ್ನೇ ನೋಡಿದೆ.

ಮೊದಲ ಹತ್ತು ಪುಟಕ್ಕೆ ಅವರ ಮುಖದಲ್ಲಿ ನಗು ಇತ್ತು, ತಮ್ಮ ಮನೆಯ ಹಳೇ ಪಾತ್ರೆಯನ್ನು ಬೇರೆಯವರ ಮನೆಯಲ್ಲಿ ಗುರುತು ಹಿಡಿದವರ ಹಾಗೆ. ಬಹುಶಃ ಹೊಸಿಲು ಬಂದಿತ್ತು, ಚೊಂಬು ಬಂದಿತ್ತು. ಆಮೇಲೆ ತುಟಿ ನಿಧಾನವಾಯಿತು. ಇನ್ನೂರ ಎರಡನೇ ಪುಟ ತಿರುವಿದವರು ಗಕ್ಕನೆ ನಿಂತು ಅದನ್ನು ಮತ್ತೆ ಹಿಂದಕ್ಕೆ ತಿರುವಿದರು. ಅಲ್ಲಿ ಅವರಿಗೆ ಇನ್ನೇನೂ ಇರಲಿಲ್ಲ, ಖಾಲಿ ಪುಟದ ಮೇಲೆ ಹೆಬ್ಬೆರಳು ಆಡಿಸಿದರು, ಬಟ್ಟೆಯಲ್ಲಿ ಮುರಿದ ಸೂಜಿ ಹುಡುಕುವ ಹಾಗೆ. ಮತ್ತೆ ಮುಂದಕ್ಕೆ ಹೋದರು. ಅಷ್ಟು ಹೊತ್ತೂ ನೆಲದ ಮೇಲಿದ್ದ ಎರಡು ಕಾಲನ್ನೂ, ಓದುತ್ತ ಓದುತ್ತಲೇ, ಎತ್ತಿ ಬೆಂಚಿನ ಮೇಲೆ ಮಡಿಸಿಕೊಂಡರು. ಇನ್ನೂರ ಇಪ್ಪತ್ತಾರು ಮುಗಿಯುವವರೆಗೂ ಇಳಿಸಲಿಲ್ಲ.

ಪುಸ್ತಕ ಮುಚ್ಚಿ, ಮುಸುಕು ಹೊದಿಸಿ, ಕನ್ನಡಕ ತೆಗೆದರು. "ಅವ್ರು ಹೇಳ್ದಂಗೇ ಇದೆ ಕಣೆ. ಒಡೀಲಿಲ್ಲ."

ಬೆರಳ ಗುರುತು ಇತ್ತೇ ಎಂದು ಕೇಳಿದೆ. ಇತ್ತು ಎಂದರು. ನೀರು ಕುಡಿಯಬೇಕು ಎಂದರು, ಆದರೆ ಬೆಂಚಿನಿಂದ ಇಳಿಯಲಿಲ್ಲ. ನೆಲ ನೋಡುತ್ತಿದ್ದರು. ಬಾಗಿಲ ಹತ್ತಿರ ನನ್ನ ಚಪ್ಪಲಿ ಇದೆ, ಅದನ್ನ ಸ್ವಲ್ಪ ಈ ಕಡೆ ತಳ್ಳು ಎಂದರು. ಚಪ್ಪಲಿ ಹಾಕಿಕೊಂಡು ಒಳಕ್ಕೆ ಬಂದನೆಂದು ಸಿಲಿಂಡರ್ ತಂದವನಿಗೆ ಬೀದಿಗೆಲ್ಲ ಕೇಳುವಂತೆ ಬೈದ ಹೆಂಗಸು ಅವರು. ನಾನು ತಳ್ಳಿದೆ. ಅದನ್ನು ಮೆಟ್ಟಿಕೊಂಡು, ಹುಷಾರಾಗಿ ಹೆಜ್ಜೆ ಇಡುತ್ತ ಅಡಿಗೆಮನೆಗೆ ಹೋದರು.

ಆ ರಾತ್ರಿ ಬರೆಯಲು ಕೂತೆ. ನಾನು ಏನು ಬರೆಯುವುದಿದ್ದರೂ ಪಾತ್ರೆ ತೊಳೆದಾದ ಮೇಲೇ, ಇದನ್ನೂ ಹಾಗೇ ಬರೆಯುತ್ತಿದ್ದೇನೆ. ಒಂದು ಹಾಳೆಯ ತಲೆಗೆ ಒಡೆಯಿತು ಎಂದು ಬರೆದೆ, ಇನ್ನೊಂದರ ತಲೆಗೆ ಒಡೆಯಲಿಲ್ಲ ಎಂದು. ಕಣ್ಣೋದು ಆಗದೆ ಉಳಿದ ಪುಟಗಳನ್ನು ನೆನಪು ಮಾಡಿಕೊಂಡೆ. ಇನ್ನೂರ ನಲವತ್ತರಲ್ಲಿ ಮನೆಯಾಕೆ ಮಜ್ಜಿಗೆ ಕೊಟ್ಟಾಗ ಅವನು ಎಡಗೈಯಲ್ಲಿ ಇಸಿದುಕೊಂಡು ಕುಡಿಯುತ್ತಾನೆ. ಬಲಗೈಗೆ ಗಾಜು ಚುಚ್ಚಿರಬೇಕು, ಇಲ್ಲದಿದ್ದರೆ ಯಾರು ಹಾಗೆ ಇಸಿದುಕೊಳ್ಳುತ್ತಾರೆ? ಇದು ಮೊದಲ ಹಾಳೆಗೆ ಹೋಯಿತು. ಮುನ್ನೂರ ಒಂದರಲ್ಲಿ ಸಂಜೆ, ಆ ಮನೆಯ ಗೋಡೆಯ ಮೇಲೆ ಒಂದು ಬೆಳಕಿನ ಚೌಕ ಬಿದ್ದು ನಡುಗುತ್ತದೆ. ಬರೀ ಕಿಟಕಿಯಿಂದ ಬಂದ ಬೆಳಕು ನಡುಗುವುದಿಲ್ಲ, ಗಾಜು ಇದ್ದರೆ ನಡುಗೀತು. ಇದು ಎರಡನೆಯದಕ್ಕೆ. ತುಂಗಕ್ಕನ ಮಾತು ಎರಡನೆಯದಕ್ಕೆ. ತುಂಗಕ್ಕನ ಕಾಲು ಮೊದಲನೆಯದಕ್ಕೆ. ಗುರುವಾರವೂ ಹೀಗೇ ಕೂತೆ. ಒಂದು ಹಾಳೆಗೆ ಒಂದು ಸಾಲು ಸೇರಿದರೆ ಇನ್ನೊಂದಕ್ಕೂ ಒಂದು ಸಾಲು ಹೇಗೋ ಹುಟ್ಟುತ್ತಿತ್ತು.

ಒಡೆಯಿತು ಎಂದೇ ನನಗೆ ಅನಿಸುತ್ತಿತ್ತು. ಆದರೆ ಒಪ್ಪಿಗೆಯಾದ ಪ್ರಬಂಧಗಳನ್ನು ಸೇರ್ಪಡೆಯ ದಿನ ಶಾಲೆಯ ಸಭಾಂಗಣದಲ್ಲಿ ಗಟ್ಟಿಯಾಗಿ ಓದುತ್ತಾರೆ, ಬೀದಿಯವರೆಲ್ಲ ಬಂದು ಕೂರುತ್ತಾರೆ, ತುಂಗಕ್ಕನೂ ಬರುತ್ತಾರೆ, ಅವರೆದುರೇ ಅವರ ಯಜಮಾನರ ಮಾತು ಸುಳ್ಳಾಗುತ್ತದೆ. ಒಡೆಯಲಿಲ್ಲ ಎಂದು ಬರೆದು ಅದು ತಪ್ಪಾದರೆ ಕುಮುದಾ ನನ್ನ ಪಕ್ಕದ ಮಿಷನ್ನಿಗೆ ಬರುತ್ತಾಳೆ. ಶುಕ್ರವಾರ ಬೆಳಿಗ್ಗೆ ಅವಳು ಜಡೆ ಹಾಕಿಸಿಕೊಳ್ಳಲು ನನ್ನ ಮುಂದೆ ಕೂತು, ಆಯ್ತಾ ಅಮ್ಮ ಎಂದು ಕೇಳಿದಳು. ಆಗುತ್ತಾ ಇದೆ ಎಂದೆ. ಅವಳ ಬೈತಲೆ ಸೊಟ್ಟ ತೆಗೆದಿದ್ದೆ, ಬಿಚ್ಚಿ ಮತ್ತೆ ತೆಗೆಯಬೇಕಾಯಿತು.

ಕೊನೆಗೆ ನಾನು ಬರೆದದ್ದು ಹನ್ನೊಂದು ಪುಟ. ಮೊದಲ ಸಾಲಿನಲ್ಲೇ ಕಣ್ಣೋದನ್ನು ಒಪ್ಪಿಕೊಂಡೆ. ಇಂಥಿಂಥ ಪುಟಗಳು ನನಗಿಲ್ಲ, ನನ್ನ ಓದಿನಲ್ಲಿ ಅಲ್ಲಿ ತೂತಿದೆ ಎಂದೆ. ಕಾಜಾ ಎಂದರೂ ತೂತೇ, ಬೇಕೆಂದೇ ಕತ್ತರಿಸಿದ್ದು. ಅದನ್ನು ಮುಚ್ಚಿದರೆ ಅಂಗಿ ಕೆಡುತ್ತದೆ, ಹಾಗೇ ಬಿಟ್ಟರೆ ಹರಿಯುತ್ತದೆ, ಸುತ್ತ ಹೊಲಿಯಬೇಕು ಎಂದೆ. ಹಾಗಾಗಿ ನೂರ ಎಂಬತ್ತೇಳರ ಅಂಚನ್ನೂ ಇನ್ನೂರ ಇಪ್ಪತ್ತೇಳರ ಅಂಚನ್ನೂ ಹಿಡಿದು ಸುತ್ತ ಬಂದೆ, ಚಪ್ಪಲಿ, ಒದ್ದೆ ಕೈ, ಎಡಗೈ, ಬೆಳಕಿನ ಚೌಕ. ಹನ್ನೊಂದನೇ ಪುಟದ ಕೊನೆಗೆ, ಗಾಜು ಒಡೆಯಲಿಲ್ಲ, ಯಾಕೆಂದರೆ ಅದನ್ನು ಹಿಡಿದಿದ್ದವರು ಒಡೆಯಲಿಲ್ಲ ಎಂದು ನನಗೆ ಹೇಳಿದ್ದಾರೆ ಎಂದು ಬರೆದೆ. ಬರೆದ ಮೇಲೆ ಓದಿದರೆ ನನಗೇ ಅರ್ಥವಾಗಲಿಲ್ಲ. ಹಿಡಿದಿದ್ದವಳು ನೀಲವ್ವ, ನನಗೆ ಹೇಳಿದವರು ತುಂಗಕ್ಕ. ತಿದ್ದಲು ಹೊತ್ತಿರಲಿಲ್ಲ.

ಶನಿವಾರ ಜಿನದತ್ತ ಮೇಷ್ಟ್ರು ಅದನ್ನು ನನ್ನೆದುರೇ ಓದಿದರು. ತೆಳ್ಳಗಿನ ಮುದುಕರು, ಒಂದೊಂದು ಪುಟಕ್ಕೂ ಬೆರಳು ಒದ್ದೆ ಮಾಡಿಕೊಳ್ಳುತ್ತಿದ್ದರು. ಎಡಗೈಯಲ್ಲಿ ಮಜ್ಜಿಗೆ ಕುಡಿದದ್ದಕ್ಕೆ ಏನು ಹೇಳುತ್ತೀರಿ, ಅಲ್ಲಿ ನಿಮ್ಮ ವಾದ ಕುಂಟುತ್ತದಲ್ಲ ಎಂದರು. ಅವನು ಎಡಚ ಇರಬಹುದು ಸಾರ್ ಎಂದೆ. ಮುನ್ನೂರ ನಲವತ್ತು ಪುಟದಲ್ಲಿ ಬೇರೆಲ್ಲೂ ಅವನು ಎಡಚನಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು, ಅಥವಾ ನಮ್ಮಿಬ್ಬರಿಗೂ ಮರೆತಿತ್ತು. ನಿಮಗೆ ಏನು ನೆನಪಿದೆ ಸಾರ್, ಒಡೆಯಿತೇ ಎಂದು ನಾನೇ ಕೇಳಿಬಿಟ್ಟೆ.

"ನನ್ನ ಪುಟಗಳು ಖಾಲಿಯಾಗಿ ಐವತ್ತು ವರ್ಷ ಆಯ್ತಮ್ಮ. ಈಗ ತಲೇಲಿರೋದು ಕಾದಂಬರಿ ಅಲ್ಲ, ನಿಮ್ಮಂಥೋರು ಬರ್ದಿದ್ದು. ಮುನ್ನೂರು ಜನ ಒಡೆದಿದ್ದಾರೆ, ಮುನ್ನೂರು ಜನ ಉಳಿಸಿದ್ದಾರೆ," ಎಂದು ಮೇಷ್ಟ್ರು ಮೊಹರು ಒತ್ತಿದರು. ಯಾಕೆ ಒತ್ತಿದರೆಂದು ಹೇಳಲಿಲ್ಲ. ಸರಿ ಬರೆದೆನೋ ತಪ್ಪು ಬರೆದೆನೋ ಎಂಬುದು ಆಗಲೂ ತಿಳಿಯಲಿಲ್ಲ.

ಸೇರ್ಪಡೆಯ ದಿನ ಪ್ರಬಂಧ ಓದುವಾಗ ತುಂಗಕ್ಕ ಮೂರನೇ ಸಾಲಿನಲ್ಲಿದ್ದರು. ಒಡೆಯಲಿಲ್ಲ ಎಂಬ ಮಾತು ಬಂದಾಗ ಸೆರಗು ಸರಿಮಾಡಿಕೊಂಡು ಪಕ್ಕದವಳಿಗೆ, ನಮ್ಮನೆಯವ್ರು ಯಾವಾಗ್ಲೂ ಹೇಳ್ತಿದ್ರು ಎಂದದ್ದು ನನಗೆ ಕೇಳಿಸಿತು. ಸಾರಾಬಿ ಹಿಂದಿನಿಂದ ನನ್ನ ಬೆನ್ನು ತಿವಿದು, ಹೋತ ಎಲ್ಲೇ ಎಂದಳು. ಕುಮುದಾ ವೇದಿಕೆ ಹತ್ತಿ ತನ್ನ ಪುಸ್ತಕ ಇಸಿದುಕೊಂಡಳು. ಅದರ ಮುಸುಕುಬಟ್ಟೆಗೆ ನಾನು ಒಂದು ಕಾಜಾ ಹಾಕಿ ಗುಂಡಿ ಇಟ್ಟಿದ್ದೆ, ಗಾಳಿಗೆ ಸರಿಯದಿರಲಿ ಎಂದು. ಮೊದಲ ಪುಟವನ್ನು ಗಮನ ಇಟ್ಟು ಓದೇ, ಬರೆದವರ ಹೆಸರು ಇರುತ್ತೆ ಎಂದು ಹೇಳಿಕೊಟ್ಟಿದ್ದೆ. ಮನೆಗೆ ಬಂದು ಕೇಳಿದರೆ ಎರಡು ಹೆಸರು ಹೇಳಿ, ಎರಡರಲ್ಲೊಂದು ಎಂದಳು.

ಅವಳು ನಿಧಾನಸ್ಥೆ, ನನ್ನ ಹಾಗಲ್ಲ. ದಿನಕ್ಕೆ ನಾಲ್ಕು ಪುಟ, ಬೇರೆ ಯಾವ ಕೆಲಸವನ್ನೂ ಹಚ್ಚಿಕೊಳ್ಳದೆ, ಹೊರಗಿನ ಕೋಣೆಯ ಕುರ್ಚಿಯಲ್ಲಿ. ಅವಳು ಓದುವಾಗ ನಾನು ಮಿಷನ್ ತುಳಿಯುವುದಿಲ್ಲ, ಕೈಹೊಲಿಗೆ ಹಿಡಿಯುತ್ತೇನೆ. ಒಂದೂವರೆ ತಿಂಗಳಿಗೆ ನೂರ ಎಂಬತ್ತು ದಾಟಿದಳು. ನಾನು ಕೇಳಲಿಲ್ಲ, ಮುಸುಕಿನ ಅಂಚಿನಿಂದ ಪುಸ್ತಕದ ದಪ್ಪ ನೋಡಿ ತಿಳಿದುಕೊಳ್ಳುತ್ತಿದ್ದೆ. ಹೋದ ಭಾನುವಾರ ಮಧ್ಯಾಹ್ನ ಅವಳು ನಾಲ್ಕು ಪುಟಕ್ಕೆ ನಿಲ್ಲಿಸಲಿಲ್ಲ. ಹಾಳೆ ತಿರುವುವ ಸದ್ದು ಬರುತ್ತಲೇ ಇತ್ತು. ನಾನು ಅಡಿಗೆಮನೆಯ ಬಾಗಿಲಲ್ಲಿ ಕೂತು ಅವಳ ಕಾಲನ್ನೇ ನೋಡುತ್ತಿದ್ದೆ. ಎರಡೂ ಪಾದ ನೆಲದ ಮೇಲೆ ಚಪ್ಪಟೆಯಾಗಿದ್ದವು. ಹಾಗೇ ಇದ್ದವು. ನನಗೆ ಉಸಿರು ಬಂತು, ತುಂಗಕ್ಕನಿಗೆ ಅವತ್ತು ನೆಲ ತಣ್ಣಗಿತ್ತೇನೋ ಎಂದುಕೊಂಡೆ.

ಅವಳು ಪುಸ್ತಕ ಮುಚ್ಚಿ ಗುಂಡಿ ಹಾಕಿದಳು. ನನ್ನ ಕಡೆ ತಿರುಗಿದಳು.

"ನೀನು ಬರ್ದಂಗೇ ಇದೆ ಅಮ್ಮ," ಎಂದಳು.

ಎದ್ದು ಮೂಲೆಯ ಪೊರಕೆ ತೆಗೆದುಕೊಂಡಳು. ಬೆಳಿಗ್ಗೆ ನಾನು ಗುಡಿಸಿದ ಕೋಣೆ, ಹೇಳದೆ ಒಂದು ದಿನ ಪೊರಕೆ ಮುಟ್ಟಿದ ಹುಡುಗಿಯಲ್ಲ. ಬಗ್ಗಿ, ಕುರ್ಚಿಯ ಕೆಳಗೆ, ಗೋಡೆಯ ಅಂಚಿಗೆ, ಮೆಲ್ಲಗೆ ಗುಡಿಸತೊಡಗಿದಳು. ಏನೇ ಅದು ಎಂದು ನಾನು ಏಳಹೋದೆ.

"ಅಲ್ಲೇ ಇರು," ಎಂದಳು, ತಲೆ ಎತ್ತದೆ. "ಬರಿಗಾಲಲ್ಲಿ ಈ ಕಡೆ ಬರ್ಬೇಡ."